ಗಿಟಾರ್ ಕಾಯುವವಳು

ನವೆಂಬರಿನಲ್ಲಿ ಹಿಡಿಯುವ ಮಳೆಗಾಲಕ್ಕೆ ದ್ವೀಪ ಮುಚ್ಚುವ ಮುನ್ನ, ಆಚೆ ದಡದ ಮರ್ಸಿಂಗ್‌ಗೆ ಹೊರಡುವ ಕೊನೆಯ ದೋಣಿ ಜೆಟ್ಟಿಯಲ್ಲಿ ನಿಂತಿತ್ತು. ನರಹರಿ ಚೀಲಗಳನ್ನು ಹೊತ್ತು ಆಗಲೇ ಅಲ್ಲಿಗೆ ಹೋಗಿದ್ದ. ಮಗಳನ್ನು ಕರೆತರಲು ಅವನ ಹೆಂಡತಿ ಜಲಜಾ ಮರಳಿಗಿಳಿದಳು.

ಧೃತಿ ಹಾಡುಗಾರರ ನಡುವೆ ಕೂತಿದ್ದಳು. ಎಲ್ಲೆಲ್ಲಿಂದಲೋ ಬಂದು ಮಳೆಗಾಲದವರೆಗೆ ಇಲ್ಲೇ ಉಳಿಯುವವರು ಅವರು. ತೆಂಗಿನ ಮರಗಳ ಕೆಳಗೆ ಹಗಲಿಡೀ ನುಡಿಸುವವರು. ಕಾಲೇಜು ಬಿಟ್ಟ ಮೇಲೆ ಸೈಬರ್‌ಜಯಾದ ಮನೆಯಲ್ಲಿ ಕೋಣೆಯ ಬಾಗಿಲನ್ನೇ ತೆರೆಯದಿದ್ದ ಹುಡುಗಿ ಇವರೊಡನೆ ನಕ್ಕಿದ್ದಳು. ಆ ನಗು ಜಲಜಾಳಿಗೆ ಹೆದರಿಕೆ ತಂದಿತ್ತು.

ಅವರಲ್ಲೊಂದು ಪದ್ಧತಿಯಿತ್ತು. ಬೆಳಿಗ್ಗೆ ಚಹಾದಂಗಡಿಯ ಮುದುಕ ಪಾಕ್ ದಿನ್ ಹೇಳಿದ್ದ. ಕೊನೆಯ ದಿನ ಹಳೆಯ ಗಿಟಾರೊಂದು ಒಬ್ಬೊಬ್ಬರ ಮುಂದೆಯೂ ಬರುತ್ತದೆ. ಬೇಡದವರು ತಲೆಯಾಡಿಸಬೇಕು. ಕೈಗೆ ತೆಗೆದುಕೊಂಡವರು ಮಳೆಗಾಲವೆಲ್ಲ ದ್ವೀಪದಲ್ಲಿದ್ದು ಅದನ್ನು ಕಾಯಬೇಕು. ಹೋದ ವರ್ಷ ತೆಗೆದುಕೊಂಡವಳು ಜೊಹೋರಿನ ಹುಡುಗಿ. ಅವಳೀಗ ಎಲ್ಲಿ ಎಂದು ಜಲಜಾ ಕೇಳಿದ್ದಳು. ಮಳೆಗಾಲದ ನಡುವೆ, ಜನವರಿಯಲ್ಲಿ ಈಜಲು ಹೋದಳು, ಗಿಟಾರ್ ಮಾತ್ರ ಸಿಕ್ಕಿತು ಎಂದು ಮುದುಕ ಲೋಟ ತೊಳೆಯುತ್ತಲೇ ಹೇಳಿದ್ದ.

ಧೃತಿಯ ಪಕ್ಕದವನು ತಲೆಯಾಡಿಸಿದ. ಗಿಟಾರ್ ಅವಳ ಮುಂದೆ ಬಂತು. ಮೊಣಕಾಲಿನ ಮೇಲಿದ್ದ ಅವಳ ಕೈ ಮೆಲ್ಲಗೆ ಎದ್ದಿತು.

ಜಲಜಾ ಬಾಗಿ, ಮಗಳ ಭುಜದ ಮೇಲಿನಿಂದ ಅದನ್ನು ಕಿತ್ತುಕೊಂಡಳು. ಆಚೆಯವನಿಗೆ ತಳ್ಳಿಬಿಡಬೇಕೆಂದೇ ಹಿಡಿದದ್ದು. ಆದರೆ ಹುಡುಗಿಯಾಗಿದ್ದಾಗ ವೀಣೆ ಕಲಿತ ಕೈಗಳು ತಮ್ಮಷ್ಟಕ್ಕೆ ವಾದ್ಯವನ್ನೆತ್ತಿ ಕಣ್ಣಿಗೊತ್ತಿಕೊಂಡವು.

"ನೈಸ್ ಲಾ, ಆಂಟಿ," ಎಂದು ಒಬ್ಬ ನಕ್ಕ. ಉಳಿದವರು ನಗಲಿಲ್ಲ. ಕೆಲಸ ಮುಗಿದವರಂತೆ ಚಾಪೆ ಸುತ್ತಿ ಜೆಟ್ಟಿಯತ್ತ ಹೊರಟರು.

"ಅಮ್ಮಾ, ಕೊಡು ಇಲ್ಲಿ. ಯು ಡೋಂಟ್ ಈವನ್ ಪ್ಲೇ."

"ಕೊಟ್ರೆ ನೀನು ಇಟ್ಕೋತೀಯಾ?"

ಧೃತಿ ಸಮುದ್ರದ ಕಡೆ ನೋಡಿದಳು.

"ನಡಿ. ಅಪ್ಪ ಕಾಯ್ತಿದಾರೆ."

"ಮತ್ತೆ ನೀನು?"

"ನೀನು ಮೊದಲು ಹತ್ತು."

ಧೃತಿ ಹೋದಳು, ತಿರುತಿರುಗಿ ನೋಡುತ್ತ. ದೋಣಿಯ ಹಾರ್ನ್ ಕೂಗಿತು. ಗಿಟಾರನ್ನು ಮರಳ ಮೇಲಿಟ್ಟು ಓಡಿದರಾಯಿತು ಎಂದುಕೊಂಡ ಜಲಜಾ ಬಗ್ಗಿದಳು. ಬಗ್ಗಿದೊಡನೆ, ದೋಣಿಯೊಳಗೆ ಒಂದು ಕಾಲಿಟ್ಟಿದ್ದ ಮಗಳು ಆ ಕಾಲನ್ನು ಹಿಂದಕ್ಕೆಳೆದು ಜೆಟ್ಟಿಯ ಮೇಲಿಟ್ಟು ಗಿಟಾರಿನತ್ತ ತಿರುಗಿದ್ದು ಕಾಣಿಸಿತು.

ಜಲಜಾ ನೆಟ್ಟಗೆ ನಿಂತು ಗಿಟಾರನ್ನು ಎದೆಗವಚಿಕೊಂಡಳು. ನರಹರಿ ಕೈಬೀಸಿ ಕರೆಯುತ್ತಿದ್ದ. ಅವನ ಕೂಗು ಗಾಳಿಯಲ್ಲಿ ಹರಿದು ಹೋಗುತ್ತಿತ್ತು. ಅವಳು ಅಲುಗಲಿಲ್ಲ. ಕೊನೆಗೆ ಧೃತಿ ಹತ್ತಿದಳು. ಹಗ್ಗ ಬಿಚ್ಚಿದರು.

ತೆಂಗಿನ ಮರಗಳ ಕೆಳಗೆ ಈಗ ಯಾರೂ ಇರಲಿಲ್ಲ. ಅಲೆಯೊಂದು ಬಂದು ಅವಳ ಅಂಗಾಲಿನಡಿಯ ಮರಳನ್ನು ಎಳೆದುಕೊಂಡು ಹೋಯಿತು.