ಎಳೆದು ಹಾಡಿದ ಸಾಲು

ಪ್ರಾಣಿಗಳಿಲ್ಲದ ಸರ್ಕಸ್ಸಿಗೆ ಜನ ಬರುವುದು ಕಡಿಮೆಯಾದ ಮೇಲೆ ಮಾಲೀಕ ಮಾಳಪ್ಪ ಕಂಪನಿಯವರಿಂದ ಹಾಡಿನ ನಾಟಕ ಕಟ್ಟಿಸಿದ. ಇಳಕಲ್ಲಿನ ನೇಕಾರರ ಹುಡುಗಿಯೊಬ್ಬಳು ಹಕ್ಕಿಯಾಗಿ ಹಾರಿಹೋಗುತ್ತಾಳೆ, ಅವಳನ್ನು ಹುಡುಕುತ್ತ ಗಂಡನೂ ಹಕ್ಕಿಯಾಗುತ್ತಾನೆ. ಇಷ್ಟೇ ಕತೆ. ಹುಡುಗಿ ಸವಿತಾ, ಗಂಡ ರಾಜಕುಮಾರ.

ಇಬ್ಬರೂ ಡೇರೆಯ ನೆತ್ತಿಯಲ್ಲಿ ಎದುರುಬದುರು ಜೋಕಾಲಿಗಳ ಮೇಲೆ ಕೂತು ಹಾಡುತ್ತಿದ್ದರು. ಕೊನೆಯ ಸಾಲು ರಾಜಕುಮಾರನದು. ಅದು ಮುಗಿದೊಡನೆ ಅವನು ತಲೆಕೆಳಗಾಗಿ ಜೋತು ಕೈ ಚಾಚಬೇಕು. ಕೆಳಗೆ ಮುದುಕ ಫಕ್ರುಸಾಬ ಡೋಲಕ್ಕಿಗೆ ಜೋರಾದ ಪೆಟ್ಟು ಕೊಟ್ಟಾಗ ಸವಿತಾ ಹಾರಬೇಕು. ತಾಳವನ್ನು ಜೋಕಾಲಿಯ ತೂಗಾಟಕ್ಕೆ ಹೊಂದಿಸಿದ್ದರು. ಅದು ಯಾರಿಗೂ ಕಾಯುವಂತಿರಲಿಲ್ಲ.

ವಿದ್ಯಾಗಿರಿಯ ಬಯಲಿನಲ್ಲಿ ಡೇರೆ ತುಂಬತೊಡಗಿತು. ಒಂದು ಭಾನುವಾರ ರಾಜಕುಮಾರ ಕೊನೆಯ ಸಾಲು ಎತ್ತಿದ್ದೇ ತಡ, ಕಾಲೇಜು ಹುಡುಗರು ಸಿಳ್ಳೆ ಹೊಡೆದರು. ಅವನು ಹಿಗ್ಗಿ ಸ್ವರವನ್ನು ಇನ್ನಷ್ಟು ಎಳೆದ. ಪೆಟ್ಟು ಬಿತ್ತು. ಸವಿತಾ ಹಾರಿದಳು. ಅವನ ಕೈ ಇನ್ನೂ ಕೆಳಗೆ ಬಂದಿರಲಿಲ್ಲ.

ಅವಳು ಕೆಳಗೆ ಕಟ್ಟಿದ್ದ ಬಲೆಯ ಅಂಚಿಗೆ ಬಡಿದು ನೆಲಕ್ಕೆ ಉರುಳಿದಳು. ಭುಜದ ಎಲುಬು ಮುರಿಯಿತು.

"ಸಾಬರ, ಅವಸರ ಮಾಡಿಬಿಟ್ರಿ!" ಎಂದು ಮಾಳಪ್ಪ ಎಲ್ಲರ ಮುಂದೆ ಕೂಗಿದ.

ಫಕ್ರುಸಾಬ ತನ್ನ ಕೈಗಳನ್ನೇ ನೋಡಿಕೊಂಡ. "ಹಂಗ ಆಗಿರಬಹುದ್ರಿ. ವಯಸ್ಸಾತು."

ರಾಜಕುಮಾರ ಮೇಲಿಂದ ಇಳಿದು ಗುಂಪಿನ ಹಿಂದೆ ಹೋಗಿ ನಿಂತ. ಮರುದಿನ ಮುದುಕ ಕೆಲಸ ಬಿಟ್ಟು ತನ್ನೂರು ಇಳಕಲ್ಲಿನ ಬಸ್ಸು ಹತ್ತಿದಾಗ ಡೋಲಕ್ಕನ್ನು ಮೇಲಿಟ್ಟುಕೊಟ್ಟವನೂ ಅವನೇ. "ಚಲೋ ಹಾಡ್ತೀಯಪಾ, ಬಿಡಬ್ಯಾಡ" ಎಂದು ಮುದುಕ ಅವನ ಬೆನ್ನು ತಟ್ಟಿದ.

ರಾಜಕುಮಾರ ದವಾಖಾನೆಗೆ ಹೋದಾಗ ಸವಿತಾ ಅವನ ಮುಖ ನೋಡದೆ ಕೇಳಿದಳು. "ಸಾಬರು ಹೋದ್ರಂತ, ಖರೆ ಏನು?"

"ಹೂಂ."

"ನೀ ಹಾಡು ಎಳೆದಿ. ನನಗ ಕೇಳಿಸ್ತು."

"ಮತ್ತ ಯಾಕ ಹೇಳಲಿಲ್ಲ?"

"ನೀನ ಹೇಳ್ತಿ ಅಂತ ಕಾದೆ."

ಅಲ್ಲಿಂದ ಅವನು ನೇರ ಡೇರೆಗೆ ಬಂದು, ತಾಲೀಮಿಗೆ ಸೇರಿದ್ದ ಎಲ್ಲರೆದುರು ಮಾಳಪ್ಪನಿಗೆ ತಪ್ಪು ಒಪ್ಪಿಕೊಂಡ. ಮಾಳಪ್ಪ ಬೈಯಲಿಲ್ಲ. "ಇನ್ನ ಮ್ಯಾಲ ಹತ್ತಬ್ಯಾಡ" ಎಂದಷ್ಟೇ ಹೇಳಿ ಹೊರಗೆ ನಡೆದ.

ರಾಜಕುಮಾರ ಇಳಕಲ್ಲಿಗೆ, ಫಕ್ರುಸಾಬನ ಮನೆಗೆ ಹೋದ. ಮುದುಕನ ಹೆಂಡತಿ ಕಾಸಿಂಬಿ ಚಹಾ ತಂದಿಟ್ಟಳು. ಅವನು ಅದನ್ನು ಮುಟ್ಟದೆ ಎಲ್ಲವನ್ನೂ ಹೇಳಿದ.

"ಬಂದಾಗಿಂದ ಡೋಲಕ್ ಮುಟ್ಟಿಲ್ಲ ನಾ," ಎಂದ ಮುದುಕ. "ಕೈ ಕೆಟ್ಟು ಹೋದೂ ಅಂತ ತಿಳ್ಕೊಂಡಿದ್ದೆ. ಒಂದು ಹುಡುಗೀನ ಕೆಡವಿದೆ ಅಂತ ನಮಾಜಿನಾಗ ಅತ್ತೇನಿ."

"ನನ್ನ ಬಡೀರಿ, ಕಾಕಾ."

"ಬಡದ್ರ ನಿನಗ ಹಗುರಾಗತೈತಿ. ನನಗೇನು?"

ಕಾಸಿಂಬಿ ತಡೆಯಲಾರದೆ ಎದ್ದು ಒಳಗೆ ಹೋದಳು. ಕೊನೆಗೆ ಮುದುಕ, "ಮಾಳಪ್ಪಗ ಬರ್ತೇನಿ ಅಂತ ಹೇಳು. ಆದ್ರ ನಿನ್ನ ಹಾಡಿಗೆ ಬಾರಿಸೂದಿಲ್ಲ" ಎಂದ.

ಬಾದಾಮಿಯಲ್ಲಿ ನಾಟಕ ಮತ್ತೆ ಶುರುವಾದಾಗ ಗಂಡನ ಪಾತ್ರ ಚೇತನಕುಮಾರ ಎಂಬ ಹೊಸಬನಿಗೆ ಹೋಯಿತು, ಹುಡುಗಿಯ ಪಾತ್ರ ಕಂಪನಿಯ ಇನ್ನೊಬ್ಬಳಿಗೆ. ಫಕ್ರುಸಾಬ ಬಾರಿಸಿದ. ರಾಜಕುಮಾರ ಕೆಳಗೆ ಬಲೆಯ ಹಗ್ಗ ಹಿಡಿದಿದ್ದ. ಆಟ ನೋಡಲು ಬಂದಿದ್ದ ಸವಿತಾ ಕೈಗೆ ಪಟ್ಟಿ ಕಟ್ಟಿಕೊಂಡೇ ಅವನ ಪಕ್ಕ ನಿಂತಳು.

"ಕೈ ಮಾದ ಮ್ಯಾಲ ನನ್ನ ಜೋಡಿ ಮತ್ತ ಹಾರ್ತಿಯೇನು?" ಎಂದು ಅವನು ಕೇಳಿದ.

ಅವಳು ಮೇಲೆ ನೋಡುತ್ತಲೇ ಅಂದಳು: "ಗೊತ್ತಿಲ್ಲ, ರಾಜು. ಈಗ ಹಗ್ಗ ಬಿಗಿ ಹಿಡಿ."