ಖಾಲಿ ಬಂದ ತೊಟ್ಟಿಲು

ನನ್ನ ಬಾಳಿನ ಘೋರ ಅನಾಹುತವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಒಂದು ಸೋಮವಾರ ಮಧ್ಯಾಹ್ನ ನಾನು ಖಾಲಿಯಾಗಿ ಮನೆಗೆ ಬಂದೆ.

ನಾನು ಕಲಘಟಗಿಯ ತೊಟ್ಟಿಲು. ಸಾಗವಾನಿ ಮೈ, ಅರಗಿನ ಬಣ್ಣ, ನಾಲ್ಕು ಮೂಲೆಗೆ ನಾಲ್ಕು ಗಿಳಿ. ನಾಲ್ಕನೆಯ ಗಿಳಿಗೆ ಕಣ್ಣಿಲ್ಲ. ಅದನ್ನು ಬರೆಯುವ ಹೊತ್ತಿಗೆ ನನ್ನನ್ನು ಮಾಡಿದ ಮೌನೇಶ ಬಡಿಗೇರರನ್ನು ಊಟಕ್ಕೆ ಕರೆದರು. ಗಂಗವ್ವನ ಚೊಚ್ಚಲ ಮಗನಿಗೆಂದು ಅವಳ ತವರಿನವರು ನನ್ನನ್ನು ಕೊಂಡರು. "ಹಿರೇಕಿದು ಆದಮ್ಯಾಲ ಸಣ್ಣಾಕಿಗೂ ಇದ ತೊಟ್ಟಿಲಾ" ಎಂದು ತಾಯಿ ಆಗಲೇ ಹೇಳಿದ್ದಳು. ಹಾಗಾಗಿ ಎರಡು ವರ್ಷಕ್ಕೆ ತಂಗಿ ಶಾಂತವ್ವನ ಊರಿಗೆ ಹೋಗಿ ಅವಳ ಮಗಳನ್ನೂ ತೂಗಿದೆ.

ಎರವಲು ತಂದ ತೊಟ್ಟಿಲನ್ನು ಖಾಲಿ ಮರಳಿಸಬಾರದು. ಮರಳಿಸಿದರೆ ತೊಟ್ಟಿಲಿನ ಒಡತಿಯ ಮನೆಯಲ್ಲಿ ಬಸಿರು ನಿಲ್ಲುವುದಿಲ್ಲ ಎಂಬುದು ಅವರ ನಂಬಿಕೆ. ಶಾಂತವ್ವ ಇಂಥದ್ದನ್ನು ಮರೆಯುವವಳಲ್ಲ. ಹೆಸರಿಡುವ ದಿನ ಕೂಸಿಗಿಂತ ಮೊದಲು ನನ್ನೊಳಗೆ ಮಲಗಿಸಿದ್ದ ಅಡುಗೆಮನೆಯ ಗುಂಡುಕಲ್ಲಿಗೆ ಅರಿಷಿಣ ಹಚ್ಚಿದಳು. ತನ್ನ ಹಸಿರು ಸೀರೆಯ ತುಂಡಿನಿಂದ ಕೂಸಿನ ತಲೆಗೆ ಹಾಕುವಂಥ ಕುಂಚಿಗೆ ಹೊಲಿದು ಅದಕ್ಕೆ ಕಟ್ಟಿ, ನನ್ನೊಳಗೆ ಮಲಗಿಸಿದಳು. ಪಕ್ಕದಲ್ಲಿ ತೆಂಗಿನಕಾಯಿ, ಬೆಲ್ಲ ಇಟ್ಟು, ನನ್ನನ್ನು ಗಂಡ ಫಕೀರಪ್ಪನ ಸೈಕಲ್ಲಿಗೆ ಬಿಗಿದಳು.

ಫಕೀರಪ್ಪ ಕೆರೆ ಏರಿಯವರೆಗೆ ಧರ್ಮದಿಂದ ತುಳಿದ. ಅಲ್ಲಿ ಧರ್ಮ ಭಾರವಾಯಿತು. "ಈ ಕಲ್ಲು ಹೊತ್ಕೊಂಡು ಎಲ್ಲಿತನಕ ಸಾಯ್ಲಿ? ಅವರ ಮನ್ಯಾಗ ಕಲ್ಲಿಗೇನು ಬರ ಐತಿ?" ಎಂದು ಅದನ್ನು ಬೇವಿನ ಬುಡದಲ್ಲಿ ಕೂರಿಸಿದ. ಕಾಯಿ ಒಡೆದು ಬೆಲ್ಲದ ಜೊತೆ ತಿಂದ. ಬೆಲ್ಲ ಸಾಲದೆಂದು ಗೊಣಗಿದ.

ಗಂಗವ್ವ ನನ್ನೊಳಗೆ ಇಣುಕಿದಳು.

"ಖಾಲಿ ಕಳಿಸ್ಯಾಳ?"

"ಹೂಂ... ಗಡಿಬಿಡಿಯಾಗ..." ಎಂದ ಫಕೀರಪ್ಪ ಚಹಾ ಕುಡಿಯದೆ ಹೊರಟ. ಅವನು ಚಹಾ ಬಿಟ್ಟದ್ದು ಅದೊಂದೇ ಸಲ.

ಆಮೇಲೆ ಗಂಗವ್ವನಿಗೆ ಮಕ್ಕಳಾಗಲಿಲ್ಲ. ಡಾಕ್ಟರು ಬೇರೆ ಕಾರಣ ಹೇಳಿದರು. ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಅಟ್ಟ ಸೇರಿದೆ. ಅಕ್ಕತಂಗಿಯರ ಮಾತು ಇಪ್ಪತ್ತಾರು ವರ್ಷ ನಿಂತಿತು. ತಾಯಿ ಸತ್ತಾಗಲೂ ಹೆಣದ ಆಚೆ ಒಬ್ಬಳು, ಈಚೆ ಒಬ್ಬಳು ಕೂತು ಬೇರೆ ಬೇರೆ ಅತ್ತರಂತೆ.

ಈ ನಡುವೆ ಕೆರೆ ಏರಿಯಲ್ಲಿ ಕೂಸವ್ವ ಎಂಬ ದೇವರು ಕುಂಚಿಗೆ ಕಟ್ಟಿಕೊಂಡೇ ಉದ್ಭವಿಸಿದ ಸುದ್ದಿ ಅಟ್ಟದವರೆಗೂ ಬಂತು. ಗಂಗವ್ವ ಬಸಿರಾಗದ ಸೊಸೆಗಾಗಿ ಒಂಬತ್ತು ಮಂಗಳವಾರ ಬರಿಗಾಲಲ್ಲಿ ನಡೆದಳು. ವರ್ಷದೊಳಗೆ ಮೊಮ್ಮಗಳು ಹುಟ್ಟಿದಳು. ಹರಕೆಯಂತೆ ನನ್ನನ್ನು ಒರೆಸಿ, ಗೋಧಿ ತುಂಬಿ, ಕೂಸವ್ವನಿಗೆ ಒಪ್ಪಿಸಲು ತಂದಳು. ನೋಡಿದರೆ ನನ್ನ ಹಳೆಯ ಸಂಗಾತಿ! ನನ್ನ ಗಿಳಿಗೆ ಇನ್ನೂ ಬಾರದ ಕಣ್ಣು ಅದಕ್ಕೆ ಬೆಳ್ಳಿಯದೇ ಬಂದಿತ್ತು.

ಅದೇ ದಿನ ಶಾಂತವ್ವನೂ ಬಂದಳು. ಅವಳ ಮಗಳಿಗೂ ಮಕ್ಕಳಿರಲಿಲ್ಲ. ದಾರಿಯುದ್ದಕ್ಕೂ ಫಕೀರಪ್ಪ ಬೇರೆ ಮೂರು ದೇವರ ಹೆಸರು ಹೇಳಿ ನೋಡಿದ್ದ. ಶಾಂತವ್ವ ನಮಸ್ಕರಿಸಲು ಬಗ್ಗಿದವಳು ಹಾಗೇ ನಿಂತಳು. ಹೊಸ ಕುಂಚಿಗೆಗಳ ಅಡಿಯಲ್ಲಿ ಹಸಿರು ಅಂಚು ಕಂಡಿತು.

"ಏನ್ರೀ, ಇದು ನಮ್ಮ ಗುಂಡಕಲ್ಲು ಅಲ್ಲೇನು? ನೀವು ಕೈಜಾರಿ ಕೆಡವಿ ತುದಿ ಮುರದದ್ದು?"

ಫಕೀರಪ್ಪ ಕೆರೆಯ ನೀರು ನೋಡುತ್ತ ನಿಂತ. ಕೆರೆಯಲ್ಲಿ ನೀರಿರಲಿಲ್ಲ.

"ಯಕ್ಕಾ, ನಾ ತುಂಬೇ ಕಳಿಸಿದ್ದೆ," ಎಂದಳು ಶಾಂತವ್ವ.

ಗಂಗವ್ವ ಕಲ್ಲನ್ನು ನೋಡಿದಳು, ತಂಗಿಯನ್ನು ನೋಡಿದಳು, ಸುತ್ತ ಹರಕೆ ಹೊತ್ತು ನಿಂತ ಹತ್ತಾರು ಹೆಂಗಸರನ್ನೂ ನೋಡಿದಳು.

"ಸುಮ್ನಿರ. ದೇವರ ಮುಂದ ಕಲ್ಲಿನ ಸುದ್ದಿ ತಗೀಬ್ಯಾಡ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀ ಕಳಿಸಿದ್ದು ನನಗ ಮುಟ್ಟೇತಿ. ಸ್ವಲ್ಪ ತಡ ಆತು, ಅಷ್ಟ."

ನಾನೀಗ ಬೇವಿನ ಕೊಂಬೆಯಲ್ಲಿ ತೂಗುತ್ತೇನೆ. ಬಣ್ಣ ಹೋಗಿದೆ, ಗೆದ್ದಲು ಒಂದು ಕಾಲು ಹಿಡಿದಿದೆ. ಕೂಸವ್ವ ಕಲ್ಲೋ ದೇವರೋ ಎಂದು ನನ್ನನ್ನು ಯಾರೂ ಕೇಳಿಲ್ಲ; ಕೇಳಿದರೆ ಹೇಳುವುದು ನನಗೂ ಕಷ್ಟ. ಅಕ್ಕತಂಗಿಯರು ಮಂಗಳವಾರ ಒಟ್ಟಿಗೆ ಬರುತ್ತಾರೆ. ಕಾಯಿ ಒಡೆಯುವ ಕೆಲಸ ಫಕೀರಪ್ಪನದು. ಅವನಿಗೆ ಪ್ರಸಾದ ಕೊಡುವುದಿಲ್ಲ.