ಕೊನೆಯಲ್ಲಿ ಸ್ವಲ್ಪ ಒಗರು

ಹದಿನಾಲ್ಕನೇ ನಂಬರಿನ ಗ್ಲಾಸನ್ನು ಮೂಗಿನ ಹತ್ತಿರ ತಂದವಳು ಒಮ್ಮೆ ಉಸಿರೆಳೆದುಕೊಂಡು ಹಾಗೇ ಕುಳಿತುಬಿಟ್ಟಳು. ಎದುರು ಕುರ್ಚಿಯಲ್ಲಿದ್ದ ಮೇಷ್ಟ್ರು ಆಗಲೇ ಒಂದು ಗುಟುಕು ಕುಡಿದು ಹುಬ್ಬೇರಿಸಿದ್ದರು. ಕೆಲಸದಿಂದ ನಿವೃತ್ತರಾದ ಕೆಮಿಸ್ಟ್ರಿ ಮೇಷ್ಟ್ರು ಅವರು. ಊರಿನ ಎಲ್ಲ ಬಿಯರ್ ಸ್ಪರ್ಧೆಗಳಲ್ಲೂ ಅವಳ ಜೊತೆ ತೀರ್ಪುಗಾರರು.

"ಬೆಳಿಗ್ಗೆಯಿಂದ ಬಿಯರ್ ಅಂತ ಸಿಕ್ಕಿದ್ದು ಇದೊಂದೇ ನೋಡಿ," ಅಂದರು. "ಮಿಕ್ಕಿದ್ದೆಲ್ಲ ಕಷಾಯ."

ಅವಳು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಾಮ್ರದ ಬಣ್ಣ, ಕೊಂಚ ಮಬ್ಬು. ಬೆರಳು ದಪ್ಪದ ನೊರೆ ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತಿತ್ತು. ಮತ್ತೆ ಮೂಸಿದಳು. ಚಕ್ಕೋತದ ಸಿಪ್ಪೆಯನ್ನು ಆಗತಾನೇ ಉಗುರಿನಿಂದ ಚಿವುಟಿದ ಹಾಗಿತ್ತು; ಅದರ ಹಿಂದೆಯೇ ಹೊಸದಾಗಿ ಕೊಯ್ದ ಹಲಗೆಯ ವಾಸನೆ. ಬಾಯಿಗೆ ಹಾಕಿಕೊಂಡಳು. ಮೊದಲು ಮಾಲ್ಟಿನ ಸಿಹಿ, ಬ್ರೆಡ್ಡಿನ ಕೆಂಪಾದ ಅಂಚಿನಷ್ಟು. ಆಮೇಲೆ ಕಹಿ ಬಂತು. ಅಂಜುತ್ತ ಅಳುಕುತ್ತ ಬರಲಿಲ್ಲ. ನಾಲಿಗೆಯ ಎರಡೂ ಬದಿ ಹಿಡಿದು ನೇರವಾಗಿ ಹಿಂದಕ್ಕೆ ಹೋಗಿ ಗಂಟಲಲ್ಲಿ ಚೊಕ್ಕವಾಗಿ ಮುಗಿಯಿತು. ಮದ್ಯ ಎಂಟೂವರೆ ಪರ್ಸೆಂಟ್ ಎಂದು ಹಾಳೆಯಲ್ಲಿತ್ತು. ಎದೆ ಬೆಚ್ಚಗಾಗುವವರೆಗೆ ಅದು ಇದೆಯೆಂದೇ ಗೊತ್ತಾಗಲಿಲ್ಲ.

ಇದು ತಮ್ಮನದು. ಇಂಥ ಐಪಿಎ, ಇಂಥ ಕಹಿ ಬಿಯರು, ಇನ್ನೊಬ್ಬರ ಕೈಯಲ್ಲಿ ಆಗುವುದಿಲ್ಲ.

ಸ್ಪರ್ಧೆಯ ನಿಯಮ ಸರಳವಾಗಿತ್ತು. ಬಾಟಲಿಗೆ ಹೆಸರಿಲ್ಲ, ನಂಬರು ಮಾತ್ರ. ನೆಂಟರದೆಂದು ಗುರುತು ಸಿಕ್ಕಿದರೆ ತೀರ್ಪುಗಾರರು ಎದ್ದು ಹೋಗಿ ಆಯೋಜಕರಿಗೆ ಹೇಳಬೇಕು, ಆ ಗ್ಲಾಸು ಬೇರೆ ಮೇಜಿಗೆ ಹೋಗುತ್ತದೆ. ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿದ್ದೂ ಹೌದು. ಆದರೆ ಹೋಗಿ ಏನೆಂದು ಹೇಳುವುದು? 'ನನ್ನ ತಮ್ಮ' ಎಂಬ ಮಾತು ಅವಳ ಬಾಯಿಂದ ಹೊರಬಂದು ಆರು ವರ್ಷವಾಗಿತ್ತು.

ಅಕ್ಕ ತಮ್ಮ ಇಬ್ಬರೂ ಸೇರಿ ಹಳೆಯ ಗೋದಾಮೊಂದರಲ್ಲಿ ಬಿಯರ್ ಮಾಡುತ್ತಿದ್ದರು. ಅವನ ಐಪಿಎ ಕಹಿ ಹೆಚ್ಚಾಯಿತು, ಜನ ಎರಡನೇ ಗ್ಲಾಸು ಕೇಳುವುದಿಲ್ಲ ಎಂದು ಅವಳ ವಾದ. ಕಹಿ ಇಳಿಸಿದರೆ ಅದು ಅದಾಗಿ ಉಳಿಯುವುದಿಲ್ಲ ಎಂದು ಅವನ ಹಠ. ಒಂದು ದಿನ ಅವನಿಲ್ಲದಾಗ, ಕಹಿ ಕೊಡುವ ಹಾಪ್ ಹೂವನ್ನು ಅವಳು ಹಂಡೆಗೆ ಅರ್ಧದಷ್ಟೇ ಹಾಕಿದಳು. ಮೂರು ವಾರದ ಮೇಲೆ ಒಂದೇ ಗುಟುಕಿಗೆ ಅವನಿಗೆ ತಿಳಿದುಹೋಯಿತು. ರೇಗಲಿಲ್ಲ, ಕೂಗಾಡಲಿಲ್ಲ. ತೊಟ್ಟಿಯ ನಲ್ಲಿ ತಿರುಗಿಸಿ, ಅಷ್ಟೂ ಬಿಯರು ಚರಂಡಿಗೆ ಹೋಗುವವರೆಗೆ ಪಕ್ಕದಲ್ಲಿ ನಿಂತಿದ್ದ. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲಕ್ಕಾ," ಅಂದ. ಅದೇ ಕೊನೆಯ ಮಾತು.

"ನಾನು ನಲವತ್ತಮೂರು ಕೊಟ್ಟೆ," ಮೇಷ್ಟ್ರು ಅಂದರು. ಐವತ್ತಕ್ಕೆ ನಲವತ್ತಮೂರೆಂದರೆ ಮೊದಲ ಬಹುಮಾನ. ಗೆದ್ದ ಬಿಯರನ್ನು ಊರಿನ ದೊಡ್ಡ ಪಬ್ಬೊಂದು ವರ್ಷವಿಡೀ ಮಾರುವುದಾಗಿ ಒಪ್ಪಿಕೊಂಡಿತ್ತು. "ನಿಮ್ದು?"

ತಮ್ಮನಿಗೆ ತಾನೇ ಬಹುಮಾನ ಕೊಟ್ಟರೆ ನಾಳೆ ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳೇನಲ್ಲ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಈ ಕಹಿ ಸರಿಯಾಗಿಯೇ ಇತ್ತು. ಅವನು ಹೇಳಿದ್ದೇ ಸರಿ ಎಂದು ಅವಳು ಈಗ ಸಹಿ ಹಾಕಿ ಕೊಡಬೇಕಾಗಿತ್ತು. ಪೆನ್ಸಿಲ್ ಎತ್ತಿಕೊಂಡು ಮೂವತ್ತನಾಲ್ಕು ಎಂದು ಬರೆದಳು. ಕೆಳಗೆ ಕಾರಣ ಬರೆಯುವ ಜಾಗದಲ್ಲಿ, 'ಕೊನೆಯಲ್ಲಿ ಸ್ವಲ್ಪ ಒಗರು ಉಳಿಯುತ್ತದೆ. ಹೂವು ಕಡಿಮೆ ಮಾಡಿ ನೋಡಿ.'

ಮೇಷ್ಟ್ರು ಹಾಳೆ ಇಣುಕಿ ನೋಡಿ ಇನ್ನೊಂದು ಗುಟುಕು ಕುಡಿದರು. "ಒಗರಾ? ನನಗೆ ಸಿಗಲಿಲ್ಲವಲ್ಲ." ಗ್ಲಾಸನ್ನು ಕೆಳಗಿಟ್ಟರು. "ಇರಲಿ, ನನ್ನ ನಾಲಿಗೆಗೂ ವಯಸ್ಸಾಯ್ತು. ನೀವು ಹೇಳಿದ ಮೇಲೆ ಮುಗೀತು." ರಬ್ಬರಿನಿಂದ ಉಜ್ಜಿ ಮೂವತ್ತೇಳು ಮಾಡಿದರು.

ಮಧ್ಯಾಹ್ನ ಬಹುಮಾನ ಓದಿ ಮುಗಿಸುವ ಹೊತ್ತಿಗೆ ಹದಿನಾಲ್ಕನೇ ನಂಬರು ಐದನೇ ಸ್ಥಾನಕ್ಕೆ ಇಳಿದಿತ್ತು. ಸ್ಪರ್ಧಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ಹಾಳೆ ತೆಗೆದುಕೊಂಡು ಹೋಗುತ್ತಿದ್ದರು. ಅವಳು ಬಾಗಿಲ ಕಡೆಯೇ ನೋಡುತ್ತಿದ್ದಳು. ಅವನು ಬಂದರೆ ಮುಖ ಹೇಗಿಟ್ಟುಕೊಳ್ಳಬೇಕು, ಮೊದಲು ಯಾರು ಮಾತಾಡಬೇಕು ಎಂದೆಲ್ಲ ಲೆಕ್ಕ ಹಾಕಿಕೊಂಡಿದ್ದಳು.

ಬಂದವನು ಬೇರೆ. ನಲವತ್ತರ ಆಸುಪಾಸಿನ ಕುಳ್ಳ ಮನುಷ್ಯ. ಶರ್ಟಿಗೆ ಕತ್ತಿಯಂಥ ಇಸ್ತ್ರಿ, ಬೆರಳುಗಳು ಮಾತ್ರ ಸೋಪಿನ ನೀರಿಗೆ ಬಿರುಕು ಬಿಟ್ಟಿದ್ದವು.

"ಮೇಡಂ, ಹದಿನಾಲ್ಕು ನಂದು. ಲಾಂಡ್ರಿ ಇಟ್ಕೊಂಡಿದೀನಿ, ಹಿಂದಿನ ರೂಮಲ್ಲಿ ಇದನ್ನ ಮಾಡ್ತೀನಿ. ಗಿರಾಕಿಗಳ ಬಟ್ಟೆಯೆಲ್ಲ ಬಿಯರ್ ವಾಸನೆ ಹೊಡೀತಿದೆ ಅಂತ ಹೆಂಡ್ತಿ ಹತ್ರ ದಿನಾ ಮಂಗಳಾರತಿ."

"ನಿಮ್ಮದಾ?" ಅವಳು ಕೇಳಿದಳು. "ನೀವೇ ಮಾಡಿದ್ದಾ?"

"ನಾನೇ ಮಾಡಿದ್ದು, ಕಲಿಸಿದವರು ಬೇರೆ. ಎರಡು ವರ್ಷದ ಹಿಂದೆ ಒಬ್ರು ತೊಟ್ಟಿ, ಹಂಡೆ ಎಲ್ಲ ಮಾರ್ತಿದ್ರು. ಬಟ್ಟೆ ನೆನೆಸೋಕೆ ಆಗುತ್ತೆ ಅಂತ ತಗೊಳ್ಳೋಕೆ ಹೋದೆ. 'ಇದ್ರಲ್ಲಿ ಬಟ್ಟೆ ನೆನೆಸ್ತೀಯೇನಯ್ಯಾ?' ಅಂತ ಉಗಿದ್ರು. ಆಮೇಲೆ ವಾರ ವಾರ ಅವರೇ ಬಂದು ಕಲಿಸಿಕೊಟ್ರು."

"ಈಗ ಎಲ್ಲಿದಾರೆ ಅವ್ರು?"

"ಗೊತ್ತಿಲ್ಲ ಮೇಡಂ. ಲಾರಿ ಓಡಿಸ್ತೀನಿ ಅಂತ ಹೋದೋರು ಫೋನೂ ಇಲ್ಲ, ಪತ್ತೆನೂ ಇಲ್ಲ. ಇನ್ನು ಬಿಯರ್ ಮಾಡಲ್ಲ ಅಂದ್ರು. ಯಾಕೆ ಸಾರ್ ಅಂದ್ರೆ, ರುಚಿ ನೋಡೋರಿಲ್ಲ ಕಣಯ್ಯಾ ಅಂತ ನಕ್ಕುಬಿಟ್ರು."

ಲಾಂಡ್ರಿಯವನು ಹಾಳೆಯನ್ನು ಬಿಡಿಸಿ ಅವಳ ಮುಂದಿಟ್ಟ.

"ಒಗರು ಅಂತ ಬರೆದಿದೀರಲ್ಲ, ಅದೊಂದು ನನಗೆ ಸಿಗ್ತಾನೇ ಇಲ್ಲ. ಇನ್ನೊಂದು ಬಾಟಲಿ ತಂದಿದೀನಿ. ಎಲ್ಲಿ ಅಂತ ತೋರಿಸಿಕೊಟ್ಟುಬಿಡಿ, ಪುಣ್ಯ ಬರುತ್ತೆ."

ಸಭಾಂಗಣದ ಹಿಂದೆ ಗ್ಲಾಸು ತೊಳೆಯುವ ಕೋಣೆಗೆ ಹೋದರು. ಅವನು ಎರಡು ಗ್ಲಾಸಿಗೆ ಸಮನಾಗಿ ಬಗ್ಗಿಸಿದ. ಅವಳು ಕುಡಿದಳು. ಬೆಳಿಗ್ಗೆ ಇದ್ದ ಹಾಗೇ ಇತ್ತು. ಕಹಿ ಬಂತು, ಚೊಕ್ಕವಾಗಿ ಮುಗಿಯಿತು.

"ಒಗರಿಲ್ಲ," ಅಂದಳು. "ನಾನು ತಪ್ಪು ಬರೆದೆ. ನಿಮ್ಮ ಬಿಯರ್ ಚೆನ್ನಾಗಿದೆ."

ಅವನು ನಕ್ಕ. "ಮುಖ ನೋಡಿ ಹೇಳ್ತಿದೀರಿ, ಬಿಡಿ ಮೇಡಂ. ಸಮಾಧಾನ ಮಾಡೋಕೆ ಮನೇಲಿ ಹೆಂಡ್ತಿ ಇದಾಳೆ. ನೀವು ನಿಜ ಹೇಳಿ."

ಕಾರಣ ಹೇಳಿದ್ದರೆ ನಂಬುತ್ತಿದ್ದನೇನೋ. ಅದು ಅವಳ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. ಅವನು ಕಣ್ಣು ಮುಚ್ಚಿಕೊಂಡು ಒಂದು ಗುಟುಕು ಕುಡಿದ, ಸಿಗಲಿಲ್ಲವೆಂದು ತಲೆಯಾಡಿಸಿದ. ಇನ್ನೊಂದು ಕುಡಿದ. ಮೂರನೆಯದನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗಿದ. ನೋಡುತ್ತಿದ್ದಂತೆ ಅವನ ಮುಖ ಬದಲಾಯಿತು.

"ಹ್ಞಾ... ಸಿಕ್ತು ಮೇಡಂ. ಇದೆ. ಇಲ್ಲಿ, ಕೊನೆಗೆ." ಗಂಟಲು ಮುಟ್ಟಿ ತೋರಿಸಿದ. "ಇಷ್ಟು ದಿನ ಗೊತ್ತೇ ಆಗಿರಲಿಲ್ಲ ನೋಡಿ! ಯಾರು ಏನೇ ಹೇಳಲಿ, ಕಹಿ ಮಾತ್ರ ಮುಟ್ಟಬೇಡ ಅಂದಿದ್ರು ಅವ್ರು. ಇರಲಿ, ಅವ್ರಿಗೂ ಗೊತ್ತಾಗಿರಲಿಲ್ವೇನೋ. ಮುಂದಿನ ಸಲ ಹೂವು ಅರ್ಧ ಇಳಿಸಿಬಿಡ್ತೀನಿ."

"ಇಳಿಸಬೇಡಿ," ಅಂದಳು. ಅವನು ಆಗಲೇ ಖಾಲಿ ಗ್ಲಾಸು ಹಿಡಿದು ನಲ್ಲಿ ತಿರುಗಿಸಿದ್ದ. ನೀರು ಜೋರಾಗಿ ಬೀಳುತ್ತಿತ್ತು.

"ಏನಂದ್ರಿ ಮೇಡಂ?"

ಅವಳು ಅವನ ಬಿರುಕು ಬಿಟ್ಟ ಬೆರಳುಗಳನ್ನು ನೋಡಿದಳು.

"ಏನಿಲ್ಲ."

ಅವನು ಎರಡೂ ಗ್ಲಾಸುಗಳನ್ನು ತೊಳೆದು, ಬೆಳಕಿಗೆ ಹಿಡಿದು ನೋಡಿ, ನಲ್ಲಿಯ ಪಕ್ಕ ಬಿದ್ದಿದ್ದ ಬಟ್ಟೆಯಿಂದ ಒರೆಸಿ ಬೋರಲು ಹಾಕಿದ. ಆಮೇಲೆ, ಯಾರದೋ ಆ ಒದ್ದೆ ಬಟ್ಟೆಯನ್ನು ಕೊಡವಿ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ, ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ತೆಗೆಯತೊಡಗಿದ.